ದೋಷ ಇನ್ನೂರು

ಸೋಲಾಪುರದ ಅಕ್ಕಲಕೋಟೆ ರಸ್ತೆ,
ಅಂಬಾದಾಸ ಯೆಮೂಲನ ಶೆಡ್ಡು. ಹದಿನಾಲ್ಕು ಮಗ್ಗ,
ಮೂಲೆಯಲ್ಲಿ ಮಾಸಿದ ಚಾದರ ಹೊದ್ದ ಒಂದು ತ್ರೀ-ಎಯ್ಟಿ-ಸಿಕ್ಸ್.
ಎಲೆಯಡಿಕೆ ತಿಂದ ಹಲ್ಲಿನ ಬಣ್ಣ.
ಮೂವತ್ತು ವರ್ಷ ರಟ್ಟಿಗೆ ತೂತು ಹೊಡೆಸಿದ್ದು ಅದೇ:
ತೂತಿದ್ದರೆ ಎಳೆ ಮೇಲೆ,
ಇಲ್ಲದಿದ್ದರೆ ಕೆಳಗೆ.
ಹಾಗೆ ಹಾಗೇ ಟವೆಲ್ಲಿನ ಮೇಲೆ ನವಿಲು.

ಮೊನ್ನೆ ಒಳಗೆ ಏನೋ ಉಬ್ಬಿ ಸುಟ್ಟ ವಾಸನೆ ಬಂತು.
"ಗೌರಾತಾಯಿ, ಹೊಸಾದು ತಗೊಂಡು ಬಾ," ಅಂದ.
"ಆದ್ರ ನವಿಲು ಅದೇ ಇರಬೇಕು."

ಎಂಟು ಕೋರಿನದನ್ನು ಸ್ಕೂಟಿಯಲ್ಲಿ ಕಾಲ ನಡುವೆ ಇಟ್ಟುಕೊಂಡು ಹೋದೆ.
ಇಪ್ಪತ್ತೈದು ಹಲ್ಲಿನ ಕೇಬಲ್ಲಿಗೆ ಅದರಲ್ಲಿ ಬಾಯೇ ಇಲ್ಲ;
ಪುಣೆಯ ತಪಕೀರ ಗಲ್ಲಿಯಿಂದ ಬಾಯಿ ತರಿಸಿ ಕೂರಿಸಿದೆ.

ಈ ವಂಶದ ಚಿಪ್ ಎಷ್ಟೇ ಹೊಸದಿರಲಿ,
ಕರೆಂಟು ತಾಗಿದ ಮೊದಲ ಗಳಿಗೆ
ತಾನು ಎಪ್ಪತ್ತೆಂಟನೇ ಇಸವಿಯ ಅಜ್ಜನೆಂದೇ ತಿಳಿದು ಏಳುತ್ತದೆ.
ಹದಿನಾರು ಬಿಟ್ಟಿನ ಮನೆ, ಗೇಣುದ್ದದ ನೆನಪು.
ಆಮೇಲೆ ಯಾರೋ ಭುಜ ತಟ್ಟಿ
ಮೂವತ್ತೆರಡರ ಹೊಸ್ತಿಲು, ಅರವತ್ನಾಲ್ಕರ ಹೊಸ್ತಿಲು ದಾಟಿಸುತ್ತಾರೆ.
ದಾಟಿದ ಮೇಲೆ ಹದಿನಾರರವರು ಬಂದರೆ
ಕೂರಲು ಕಟ್ಟೆಯಿಲ್ಲ.

ನಾನೂ ಅಂಥವಳೇ. ಲೆಕ್ಕ ಮಾಡುವುದು ಮರಾಠಿಯಲ್ಲಿ, ಶಾಲೆ ಕಲಿಸಿದ್ದು.
ಯೆಮೂಲನ ಮನೆಯವರೊಡನೆ ಚೂರುಪಾರು ತೆಲುಗು.
ಸೋಲ್ಡರಿನ ತುದಿ ಬೆರಳಿಗೆ ತಾಗಿದರೆ ಮಾತ್ರ
"ಯವ್ವಾ."

ಹಳೇ ಫ್ಲಾಪಿಯ ಪ್ರೋಗ್ರಾಮನ್ನು
ನಡುವೆ ಯಾರನ್ನೂ ನಿಲ್ಲಿಸದೆ ಹೊಸ ಚಿಪ್ಪಿನ ಮೇಲೆ ಬಿಟ್ಟೆ.
ಒಂದೇ ಸಾಲು: ದೋಷ ಇನ್ನೂರು. ಸೊನ್ನೆಯಿಂದ ಭಾಗಾಕಾರ.
ಎರಡು ರಾತ್ರಿ ಆ ಸೊನ್ನೆಯನ್ನು ಹುಡುಕಿದೆ.
ಸೊನ್ನೆ ಇರಲೇ ಇಲ್ಲ.
ಬರೆದವನು ಇಚಲಕರಂಜಿಯ ಯಾವನೋ, ತೊಂಬತ್ಮೂರರಲ್ಲಿ,
ಮೊದಲು ಯಂತ್ರದ ನಾಡಿ ಹಿಡಿದು ನೋಡು ಎಂದಿದ್ದ:
ಗಡಿಯಾರ ಒಮ್ಮೆ ಮಿಟುಕುವುದರೊಳಗೆ
ಎಷ್ಟು ಸುತ್ತು ಓಡುತ್ತೀ, ಎಣಿಸು, ಐವತ್ತೈದರಿಂದ ಭಾಗಿಸು.
ಹೊಸದು ಓಡಿದ ಸುತ್ತು ಅವನ ಬೊಗಸೆಗೆ ಹಿಡಿಸಲಿಲ್ಲ.
ತುಳುಕಿದ್ದಕ್ಕೂ ಬರಿದಾದದ್ದಕ್ಕೂ
ಆ ಮನೆತನದಲ್ಲಿ ಒಂದೇ ಬೈಗುಳ.

ಕೊನೆಗೆ ಹೊಸದರ ಒಳಗೇ ಒಂದು ಸುಳ್ಳು ತ್ರೀ-ಎಯ್ಟಿ-ಸಿಕ್ಸ್ ಕಟ್ಟಿದೆ.
ಒಂದು ಕೋರು ವೇಷ ಹಾಕಿತು,
ಏಳು ಆಕಳಿಸುತ್ತ ಕೂತವು.
ಮೊದಲ ರಟ್ಟು ಹರಿಯಿತು. ಎರಡನೆಯದೂ.
ಸೂಜಿ ಮೇಲೇಳುವ ಮೊದಲೇ ರಟ್ಟನ್ನು ಜಗ್ಗುತ್ತಿತ್ತು.

ಬಾಗಿಲಲ್ಲಿ ನರ್ಸವ್ವ, ಒಂದು ಕಾಲಕ್ಕೆ ಈ ರಟ್ಟು ಹೊಲಿದವಳು,
ಈಗ ಬೀಡಿ ಎಲೆ ಕತ್ತರಿಸುತ್ತಾಳೆ.
ಪರದೆಯ ಕಡೆ ತಿರುಗಲಿಲ್ಲ.
"ನಿಮ್ಮಳಂಗಾ," ಅಂದಳು.
ಅಂಬಾದಾಸ ನನಗೆ ತಿಳಿಯಲೆಂದು "ಹಳೂ" ಅಂದ.
ಸಾವಕಾಶ, ಅಂದುಕೊಂಡೆ ನಾನು.
ವೇಗ ಇಳಿಸಿದೆ. ಒಂಬತ್ತು ಸಾವಿರ. ಆರು.
ಕತ್ತರಿ ಆಡುತ್ತಲೇ ಇತ್ತು.
ನಾಲ್ಕು ಸಾವಿರದ ಮುನ್ನೂರಕ್ಕೆ ನಿಂತಿತು.
ಟಕ್. ಟಕ್‌ಟಕ್. ಟಕ್.
"ಇಗೋ."

ಸಂಜೆ ಮೊದಲ ಟವೆಲ್ ಇಳಿದಾಗ
ನವಿಲಿನ ಕೊರಳಲ್ಲಿ ಒಂದು ಎಳೆ ತಪ್ಪಿತ್ತು.
ಹಳೆಯ ಫೈಲಿನಲ್ಲೂ ತಪ್ಪೇ. ತಿದ್ದಲು ಅರೆ ನಿಮಿಷ.
"ಮುಟ್ಟಬ್ಯಾಡ," ಅಂದ,
"ಹೈದರಾಬಾದಿನ ಸೇಠ್ ಅದನ್ನ ನೋಡೇ
ನನ್ನ ಮಾಲು ಅಂತ ಗುರ್ತು ಹಿಡೀತಾನ."

ಯಂತ್ರ ಬಿಟ್ಟು ನನ್ನ ಬಿಲ್ಲು ಮೂರು ಸಾವಿರ.
"ಹೊಸಾದು ತಂದು ಹಳೇದರಂಗ ಓಡಸಾಕ ಇಷ್ಟಾ?"
ಇನ್ನೂರು ಹಿಡಿದುಕೊಂಡು ಉಳಿದದ್ದು ಎಣಿಸಿದ.

ಸತ್ತದ್ದನ್ನು ಮೋಡಕಾ ರೇಟಿಗೆ ಕೇಳಿದೆ, ಬಿಡಿಭಾಗಕ್ಕಾದೀತೆಂದು.
ಕೊಡಲಿಲ್ಲ.
ಚಾದರ ಜಗ್ಗಿ ಸರಿಯಾಗಿ ಹೊದಿಸಿ
ಅದರ ಮೇಲೆ ತನ್ನ ಊಟದ ಡಬ್ಬಿ ಇಟ್ಟ.