ಗಂಟು

ತಂಟಾ ಊರಿನ ಕಾಲೇಜಿನಿಂದ ಬಂದ ನಗ್ಲಾ ಎಂಬ ಹುಡುಗಿ
ಮೂರು ದಿನಕ್ಕೆ ನನ್ನ ದೋಣಿ ಗೊತ್ತು ಮಾಡಿದಳು.
ಮೀನಿಗಲ್ಲ, ಕೆಸರಿಗೆ.
ಕೊಳವೆ ಇಳಿಸು ಮೌಗೂದ್ ಮಾಮಾ, ಮೆಲ್ಲಗೆ,
ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಎತ್ತು ಎಂದಳು.
ಎತ್ತಿದೆ. ತೋಳುದ್ದ ಕರಿಕೆಸರು,
ಕೊಳೆತ ಮೊಟ್ಟೆಯ ನಾತ.
ಇದಕ್ಕೆ ದುಡ್ಡು ಕೊಡುತ್ತಾರೆಂದರೆ
ಫಿಕ್ರಿಯಾ ನಂಬಲೇ ಇಲ್ಲ:
ಐವತ್ತು ವರ್ಷ ನಿನ್ನ ಕಾಲಿಗಂಟಿದ್ದನ್ನು
ಪುಕ್ಕಟೆ ತೊಳೆದೆನಲ್ಲ, ಎಂದಳು ನನ್ನ ಹೆಂಡತಿ.

ಜರಡಿಯ ಮೇಲೆ ನೀರು ಹನಿಸಿ ಹನಿಸಿ
ಕೆಸರೆಲ್ಲ ಕರಗಿದ ಮೇಲೆ ಉಳಿದದ್ದು
ಒಂದು ಚಿಟಿಕೆ ರವೆ.
ರವೆಯಲ್ಲ, ಇಲ್ಲಿ ನೋಡು, ಎಂದು
ಯಂತ್ರದ ಕಣ್ಣಿಗೆ ನನ್ನ ಕಣ್ಣು ಹಚ್ಚಿದಳು.
ಮೊದಲು ಕಂಡದ್ದು ನನ್ನದೇ ರೆಪ್ಪೆ.
ಆಮೇಲೆ, ಬೆಳಗ್ಗೆ ತಿಂದ ಫೂಲ್ ಕಾಳಿನದೇ ಆಕಾರ:
ಎರಡು ಹೋಳು ಚಿಪ್ಪು, ಬೆನ್ನಿಗೊಂದು ಬಿಜಾಗರಿ.
ಸೀಗಡಿಯ ಕುಲವಂತೆ, ಏಡಿಗೆ ದೂರದ ನೆಂಟನಂತೆ,
ಬದುಕಿದ್ದಾಗ ಕಾಲು ಮೀಸೆ ಎಲ್ಲ ಒಳಕ್ಕೆ ಮಡಚಿ
ಬಾಗಿಲು ಹಾಕಿಕೊಂಡು ಕೂರುವ ಪ್ರಾಣಿಯಂತೆ.
ನನ್ನ ತಮ್ಮನ ಹಾಗೆ, ಎಂದೆ.
ನಕ್ಕಳು.

ನೀರು ಉಪ್ಪಿದ್ದರೆ ಇದರ ಚಿಪ್ಪು ನುಣುಪು,
ನೀರಿನ ಉಪ್ಪು ಇಳಿಯಿತೋ, ಮೈಮೇಲೆ ಗಂಟು ಏಳುತ್ತದೆ,
ಒಂದು, ಎರಡು, ಕೆಲವಕ್ಕೆ ಆರೇಳು.

ಗಂಟೆಂದರೆ ನನಗೂ ಗೊತ್ತು.
ಬೆರಳು ಸೊಟ್ಟಗಾಗುವವರೆಗೆ ಬಲೆಗೆ ಗಂಟು ಹಾಕಿದವನು ನಾನು.
ಮುಖ ಗಂಟಿಕ್ಕಿದ ದಲ್ಲಾಳಿಯ ಮುಂದೆ ನಿಂತವನು,
ಮಗಳ ಮದುವೆಗೆಂದು ಕಟ್ಟಿಟ್ಟ ಗಂಟನ್ನು
ದೋಣಿಯ ಇಂಜಿನ್ನಿಗೆ ಬಿಚ್ಚಿದವನು.
ನೀರು ಕೂಡ ಗಂಟು ಹಾಕುತ್ತದೆಂದು ಗೊತ್ತಿರಲಿಲ್ಲ.

ಕಾಫಿಯಂಗಡಿಯಲ್ಲಿ ಎಲ್ಲರದೂ ಒಂದೇ ರಾಗ:
ಕಡಲು ನುಗ್ಗುತ್ತಿದೆ, ಕಡಲು ನುಂಗುತ್ತಿದೆ.
ಸುಳ್ಳಲ್ಲ. ಮರಳದಿಬ್ಬದಾಚೆ ಬಲ್ತೀಮಿನ ದಂಡೆಗೆ
ಬಂಡೆ ಸುರಿದದ್ದು ನಾನೂ ಕಂಡಿದ್ದೇನೆ.
ಹಾಗಾಗಿ ಮೇಲೆ ಬರಬರುತ್ತ ಚಿಪ್ಪು ನುಣ್ಣಗಾಗುತ್ತದೆಂದು
ಮನಸ್ಸಿನಲ್ಲೇ ಪಣ ಕಟ್ಟಿದೆ.
ನಾಲ್ಕೇ ಕೂದಲಿನ ಕುಂಚ, ತುದಿನಾಲಿಗೆಗೆ ಒತ್ತಿ
ಒಂದೊಂದೇ ಹೆಕ್ಕಿ ಎಣಿಸಿದಳು.
ತಳದ ಕೆಸರು, ನನ್ನಜ್ಜನ ಕಾಲದ್ದು:
ನುಣುಪು, ನುಣುಪು, ಇನ್ನೊಂದು ನುಣುಪು.
ಮೇಲಿನ ಗೇಣು:
ಗಂಟು.

ಸಿಹಿನೀರು! ಒಳ್ಳೆಯದಲ್ಲವೇ, ಎಂದೆ.
ಸಿಹಿ ಎಂಬ ಮಾತಿಗೆ ಇರುವೆಯಂತೆ ಹೋದೆ.
ಅವಳು ಮಾತಾಡದೆ ದಕ್ಷಿಣಕ್ಕೆ ಕೈ ತೋರಿದಳು.
ಅಲ್ಲಿ ಕಾಲುವೆಗಳ ಬಾಯಿ,
ಭತ್ತದ ಗದ್ದೆ ಕುಡಿದು ಬಿಟ್ಟ ನೀರು,
ಗೊಬ್ಬರ, ಔಷಧಿ, ಊರೂರ ಬಚ್ಚಲು.
ಚಿಕ್ಕಂದಿನಲ್ಲಿ ನೋಡಿದ್ದೆ, ವರ್ಷಕ್ಕೊಮ್ಮೆ
ನೈಲ್ ತಾನೇ ಬರುತ್ತಿತ್ತು, ಕೆಂಪಗೆ,
ಬಂದು, ಉಂಡು, ಹೋಗುತ್ತಿತ್ತು ಕಡಲಿಗೆ.
ಈಗ ಬರುವುದು ಅದರ ಎಂಜಲು,
ವರ್ಷವಿಡೀ.

ಬೂರಿ ಮೀನು ಯಾವ ವರ್ಷ ಕೈಬಿಟ್ಟಿತು,
ಬುಲ್ತಿ ಯಾವ ವರ್ಷ ಬಲೆ ತುಂಬಿತು,
ಆಗ ಒಂದೊಂದೇ ನೆನಪಾಯಿತು.
ತುಂಬಿದ ಬುಟ್ಟಿಗೆ ಕಾರಣ ಕೇಳುವವರುಂಟೇ?
ಬಲೆಯ ಕಣ್ಣು ಸಣ್ಣದು ಮಾಡಿದೆವು.
ಜೊಂಡು ಬೆಳೆಯಿತು, ಜೊಂಡಿಗೆ ಬೇಲಿ ಕಟ್ಟಿ
ಇದು ನನ್ನದು, ಅದು ನಿನ್ನದು ಎಂದು ಹೊಡೆದಾಡಿದೆವು.
ಅಷ್ಟೂ ಹೊತ್ತು ನಮ್ಮ ಹುಟ್ಟಿನ ಕೆಳಗೆ
ಹರಳುಪ್ಪಿಗಿಂತ ಚಿಕ್ಕ ಈ ಜೀವ
ಮೈಮೇಲೆ ಗಂಟು ಏಳಿಸಿಕೊಳ್ಳುತ್ತಿತ್ತು.
ನಮಗೆ ಹೇಳಲೆಂದಲ್ಲ.
ಅದಕ್ಕೆ ಉಪ್ಪು ಸಾಲದಾಗಿತ್ತು, ಅಷ್ಟೆ.

ಹೊರಡುವ ದಿನ ದುಡ್ಡು ಎಣಿಸಿ ಕೊಟ್ಟು
ಗಾಜಿನ ಪಟ್ಟಿಯೊಂದಕ್ಕೆ ಒಂದೇ ಚಿಪ್ಪು ಅಂಟಿಸಿ
ನೆನಪಿಗಿರಲಿ ಮಾಮಾ, ಎಂದಳು ನಗ್ಲಾ.
ಫಿಕ್ರಿಯಾ ಬೆಳಕಿಗೆ ಹಿಡಿದು ನೋಡಿ
ಧೂಳು ಕೂತಿದೆ ಎಂದು
ತಲೆವಸ್ತ್ರದ ತುದಿಯಿಂದ ತಿಕ್ಕಿ ಒರೆಸಿದಳು.

ಬೈಯಲಿಲ್ಲ. ಗಾಜು ಈಗ ಚೊಕ್ಕಟ,
ಕಿಟಕಿಯಲ್ಲಿ ಒರಗಿಸಿಟ್ಟಿದ್ದೇನೆ.
ಅದರಾಚೆ ಬುರುಲ್ಲುಸ್‌ನ ನೀರು
ದೂರಕ್ಕೆ
ನುಣ್ಣಗೆ ಕಾಣುತ್ತದೆ.