ನೆಲ ಡೊಂಕು

ಡಂಡಿಯ ಹಳೇ ಸೆಣಬಿನ ಗಿರಣಿಯ ಕೆಳ ಅಂತಸ್ತು
ಬಾಡಿಗೆಗೆ ಸಿಕ್ಕಿತು; ಅಗ್ಗ ಯಾಕೆಂದು ಕೇಳಲಿಲ್ಲ.
ಇನ್ನೂರ ಹನ್ನೊಂದು ಮಂದಿ, ತಲೆಗೆ ಐವತ್ತು ಪೌಂಡು,
ಒಂದು ಬೀಸುಕಲ್ಲು, ಒಂದು ಒಲೆ,
ಲೆಕ್ಕ ಬರೆಯಲು ನಾನು.
ಊರ ಗೋಧಿ ಊರಲ್ಲೇ ಬೀಸಿ ಊರೇ ತಿನ್ನಲಿ,
ಇಷ್ಟೇ ನಮ್ಮ ಹಟ.
ಗೋಡೆಗೆ ಬರೆದೆವು ಕೂಡ, ಹಸಿರು ಬಣ್ಣದಲ್ಲಿ,
ಸ್ವಲ್ಪ ದೊಡ್ಡದಾಗಿಯೇ.

ಮೊದಲ ವರ್ಷ ಆಗಸ್ಟ್ ಪೂರ್ತಿ ಸುರಿಯಿತು.
ಯೂಅನ್ ಗೆಡ್ಡಿಸ್‌ನ ಹೊಲದಲ್ಲಿ
ಕೊಯ್ಲಿಗೆ ಮೊದಲೇ ಕಾಳು
ತೆನೆಯಲ್ಲಿ ನಿಂತಲ್ಲೇ ಮೊಳಕೆಯೊಡೆದವು.
ನಮ್ಮ ಕಡೆ ಮೊಳಕೆಯೆಂದರೆ ಶುಭ,
ಮಡಕೆಕಾಳಿಗೆ ಒದ್ದೆ ಬಟ್ಟೆ ಕಟ್ಟಿ ಕಾಯುತ್ತಿದ್ದೆವು ಅದಕ್ಕೆ.
ಇಲ್ಲಿ ಆ ಪದವನ್ನು ನಷ್ಟದ ಕಡೆ ಬರೆದೆ,
ಎದುರಿಗೆ: ಏಳು ಟನ್.
ನಾದಿದರೆ ಹಿಟ್ಟು ಅಂಟು; ಬೆರಳಿಗೆ, ಬೋಗುಣಿಗೆ, ಬಾಗಿಲ ಚಿಲಕಕ್ಕೆ.
ಬ್ರೆಡ್ಡು ಒಳಗೆ ಹಸಿ, ಹೊರಗೆ ಇಟ್ಟಿಗೆ.
ಯಾರೂ ಯಾರನ್ನೂ ಬೈಯಲಿಲ್ಲ. ಮಳೆಯನ್ನು ಬೈದೆವು.
ಮಳೆ ಸಭೆಗೆ ಬರುವುದಿಲ್ಲ, ಉತ್ತರ ಕೊಡುವುದಿಲ್ಲ,
ಎಂಥ ಅನುಕೂಲ.

ಎರಡನೇ ವರ್ಷ ಬಿಸಿಲಿತ್ತು. ಕಾಳು ಗಟ್ಟಿ, ಹೊಂಬಣ್ಣ.
ಬ್ರೆಡ್ಡು ಮಾತ್ರ ಮತ್ತೆ ಕುಸಿದು ಕೂತಿತು.
ಆಗ ಶುರುವಾಯಿತು ನೋಡಿ:
ಒಲೆಯ ಮುಂದಿನ ವೊಯ್ಚೆಕ್ ಹಿಟ್ಟು ಸರಿಯಿಲ್ಲ ಅಂದ,
ಬೀಸುವ ಮೊರಾಗ್ ಗೋಧಿ ಸರಿಯಿಲ್ಲ ಅಂದಳು,
ಯೂಅನ್ ಏನೂ ಅನ್ನದೆ ಟೋಪಿ ಹಾಕಿಕೊಂಡು ಎದ್ದುಹೋದ.
ಮೂವತ್ತೆಂಟು ಮಂದಿ ಪಾಲು ವಾಪಸ್ ಕೇಳಿದರು;
ಪತ್ರಗಳೆಲ್ಲ ತುಂಬಾ ಸೌಮ್ಯ, ಅದೇ ಕಷ್ಟ.
ಮುಂದಿನ ಸಭೆಯಲ್ಲಿ ಮೂಲೆಯಲ್ಲಿ ಕೂತು
ಅಜ್ಜಿಯ ಗಾದೆ ನೆನೆದೆ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಬಾಯಿ ತಪ್ಪಿ ಅಂದುಬಿಟ್ಟೆ, ಅವರ ಭಾಷೆಯಲ್ಲಿ, ಒರಟಾಗಿ.
ನಗಲಿಲ್ಲ ಯಾರೂ.

ಮೊರಾಗ್ ಮಾತ್ರ ತಲೆಯೆತ್ತಿದಳು.
ಜೇಬಿನಿಂದ ಮೊಮ್ಮಗನ ಗೋಲಿ ತೆಗೆದು
ಕಲ್ಲಿನ ಬುಡದಲ್ಲಿಟ್ಟಳು.
ಅದು ಒಂದು ಕ್ಷಣ ಯೋಚಿಸಿತು.
ಆಮೇಲೆ ಹೊರಟಿತು, ಅವಸರವಿಲ್ಲದೆ,
ಮಗ್ಗಗಳು ನೂರು ವರ್ಷ ಕುಟ್ಟಿ ಕುಟ್ಟಿ
ತಗ್ಗು ಮಾಡಿದ ದಾರಿ ಹಿಡಿದು,
ನಮ್ಮೆಲ್ಲರ ಕಾಲುಗಳ ನಡುವೆ ಹಾದು
ಟೇ ನದಿಯ ಕಡೆಯ ಗೋಡೆಗೆ ಟಕ್ಕೆಂದು ಬಡಿಯಿತು.

ನೆಲ ಡೊಂಕಿತ್ತು.
ಅಜ್ಜಿ, ಕ್ಷಮಿಸು, ನಿಜಕ್ಕೂ ಡೊಂಕಿತ್ತು.
ಮೇಲುಗಲ್ಲು ಒಂದೇ ಮಗ್ಗುಲಿಗೆ ಭಾರ ಹಾಕಿ
ಹಿಟ್ಟನ್ನು ಬೀಸುವ ಬದಲು ಸುಡುತ್ತಿತ್ತು.
ಕೈಯಿಟ್ಟಿದ್ದರೆ ತಿಳಿಯುತ್ತಿತ್ತು ಮೊದಲ ದಿನವೇ.
ಜೋಳದ ಹಿಟ್ಟು ಸುಡುಸುಡು ಬಂದರೆ
ಗಿರಣಿಯವನ ಜತೆ ಜಗಳಕ್ಕೆ ನಿಲ್ಲುತ್ತಿದ್ದವಳು ನಾನು;
ಇಲ್ಲಿ ಎರಡು ವರ್ಷ
ಲೆಕ್ಕದ ಪುಸ್ತಕ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

ಅಲ್ಲಿಂದ ಎಲ್ಲ ಸರಿಯಾಯಿತೆಂದು ಬರೆದರೆ ಸುಳ್ಳು ಲೆಕ್ಕ.
ಹಲಗೆಯ ತುಂಡು, ಉಕ್ಕಿನ ತಗಡು ಕೊಟ್ಟು
ಕಲ್ಲನ್ನು ಮಟ್ಟಕ್ಕೆ ತಂದೆವು. ಯೂಅನ್ ತಾನೇ ಬಂದು ಬೆಣೆ ಹೊಡೆದ.
ಬ್ರೆಡ್ಡು ಉಬ್ಬಿತು. ಬೆಲೆಯೂ ಉಬ್ಬಿತು.
ಗುಡ್ಡದ ಮೇಲಿನ ಕೌನ್ಸಿಲ್ ಮನೆಗಳಿಂದ
ಕೊಳ್ಳಲು ಒಬ್ಬರೂ ಇಳಿದು ಬರಲಿಲ್ಲ.
ಊರು ಅಂದಿದ್ದೆವಲ್ಲ ಗೋಡೆಯ ಮೇಲೆ, ಯಾವ ಊರು?
ಈಗ ಗುರುವಾರ ನಾವೇ ಹತ್ತುತ್ತೇವೆ, ಬರಿಗೈಯಲ್ಲಿ,
ಏನು ತಿನ್ನುತ್ತೀರಿ ಎಂದು ಕೇಳಲು.
ಶೀನಾ ಮಕ್‌ಲ್ಯಾಗನ್ ಬಾಗಿಲು ಅರ್ಧ ತೆರೆದು
ಮೆತ್ತಗಿನ ಬನ್ನು, ಪೌಂಡಿಗೆ ನಾಲ್ಕು, ಆಗುತ್ತಾ? ಅಂದಳು.
ಇನ್ನೂ ಆಗಿಲ್ಲ.
ಬನ್ನಿಗೆ ಐದು ಪೆನ್ನಿ ಕೈಬಿಡುತ್ತಿದೆ.

ಗೋಲಿ ಈಗ ನನ್ನ ಮೇಜಿನ ಮೇಲೆ.
ಮೇಜಿಗೂ ಒಂದು ಕಾಲು ಗಿಡ್ಡ;
ಲೆಕ್ಕ ಹಾಕುವಾಗ
ಎಡಗೈಯಲ್ಲಿ ಹಿಡಿದುಕೊಂಡಿರುತ್ತೇನೆ.