ನಾಲ್ಕು ಎಂಎಂ

ಹೊಸ ಫೈಲು ತೆರೆದರೆ ಅದು ಮೊದಲು ಕೇಳುವುದು
ಮನೆ ಯಾರದು ಅಂತಲ್ಲ, ಬಾಗಿಲು ಯಾವ ದಿಕ್ಕಿಗೆ ಅಂತಲ್ಲ:
ಯಾವುದರಲ್ಲಿ ಅಳೆಯುತ್ತೀ?
ಇಂಚೋ, ಮಿಲಿಮೀಟರೋ.

ನಾಗರಬಾವಿಯ ಸೈಟು. ಪತ್ರದಲ್ಲಿ ಮೂವತ್ತು ನಲವತ್ತು.
ಬೆಂಗಳೂರಲ್ಲಿ ಅದು ಅಳತೆಯಲ್ಲ, ಮನೆತನದ ಹೆಸರು.
ಒಂದು ತರ್ಟಿ ಫಾರ್ಟಿ ಇದೆ ಅಂದರೆ ಸಾಕು
ಹೆಣ್ಣು ಕೊಡುವವರು ಇನ್ನೊಂದು ಲೋಟ ಕಾಫಿ ತರಿಸುತ್ತಾರೆ.
ಒಂಬತ್ತು ಪಾಯಿಂಟ್ ಒಂದು ನಾಲ್ಕು ಮೀಟರಿನ ಸೈಟಿದೆ ಅಂದು
ಯಾರಾದರೂ ಮದುವೆಯಾದದ್ದು ನಾ ಕೇಳಿಲ್ಲ.

ಆದರೂ ಒತ್ತಿದೆ, ಮಿಲಿಮೀಟರನ್ನೇ.
ಪಾಲಿಕೆಗೆ ಮೀಟರು ಬೇಕು, ಅದೊಂದು ನೆಪ.
ಸುಟ್ಟುಕೊಂಡಿದ್ದೆ ಹಿಂದೊಮ್ಮೆ:
ಇಂಚಿನ ನಕ್ಷೆಯೊಳಗೆ ಬೇರೆಲ್ಲಿಂದಲೋ ತಂದಿಟ್ಟ ಕಮೋಡು
ಏಳುನೂರು ಎಂಎಂ ಇದ್ದದ್ದು ಏಳುನೂರು ಇಂಚಾಗಿ,
ಐವತ್ತೆಂಟು ಅಡಿ ಉದ್ದಕ್ಕೆ ಬೆಳೆದು,
ಹಾಲು, ರೂಮು, ದೇವರಮನೆ ನುಂಗಿ
ಪಕ್ಕದ ಸೈಟಿಗೆ ಬಾಯಿ ತೆರೆದು ಕೂತಿತ್ತು.
ನೋಡದೆ ಪ್ರಿಂಟು ಹಾಕಿ ಮಾಲೀಕರ ಕೈಗಿತ್ತಿದ್ದ
ನಮ್ಮ ಹುಡುಗ.

ಸವರಿಮುತ್ತು ಮೇಸ್ತ್ರಿಗೆ ನಕ್ಷೆ ಒಗ್ಗಲಿಲ್ಲ.
ಕನ್ನಡಕ ಹಣೆಗೇರಿಸಿ, ಹಾಳೆ ತಿರುಗಿಸಿ,
"ಏನ್ ಮೇಡಮ್, ಇದು ಗೋಡೆನಾ, ಫೋನ್ ನಂಬರಾ?"
ಎಂಟು ಎಂಎಂ ಕಂಬಿ ತರಿಸಿ ಅನ್ನುವವನೂ ಅವನೇ,
ಮುಕ್ಕಾಲಿಂಚು ಜಲ್ಲಿ ಅನ್ನುವವನೂ ಅವನೇ.
ಪೈಪು ಇಂಚಲ್ಲಿ, ಪ್ಲೈವುಡ್ಡಿನ ಅಗಲ ಅಡಿಯಲ್ಲಿ, ದಪ್ಪ ಎಂಎಂನಲ್ಲಿ,
ಮರಳು ಲೋಡಲ್ಲಿ, ಮನೆ ಚದರದಲ್ಲಿ,
ಬೀಡಿ ಸೇದಿ ಬರುವ ಹೊತ್ತು ಮಾತ್ರ
ಯಾವುದರಲ್ಲೂ ಇಲ್ಲ.

ಅವನ ಟೇಪು ನೋಡಿದೆ.
ಮೇಲಂಚಿನ ಇಂಚುಗಳು ಹೆಬ್ಬೆರಳು ಸವರಿ ಸವರಿ ಅಳಿಸಿವೆ,
ಕೆಳಗಿನ ಸೆಂಟಿಮೀಟರು ಈಗಷ್ಟೇ ಅಂಗಡಿಯಿಂದ ಬಂದಂತಿದೆ.
ಒಂದೇ ಪಟ್ಟಿಯ ಮೇಲೆ, ಎದುರುಬದುರು ಮನೆ,
ಮಾತುಕತೆಯಿಲ್ಲ.

ಅಜ್ಜ ಹೇಳುತ್ತಿದ್ದ: ಚಿಕ್ಕಪೇಟೆಯ ಅಂಗಡಿಯಲ್ಲಿ
ಗಜಕಡ್ಡಿ ಹೋಗಿ ಮೀಟರು ಬಂದ ವರ್ಷ
ಮೂರಿಂಚು, ಮೇಲೆ ಚೂರು, ಬಟ್ಟೆ ಹೆಚ್ಚೇ ಕೊಟ್ಟರೂ
ಗಿರಾಕಿಗೆ ಕಂಡದ್ದು ಏರಿದ ಬೆಲೆಯೊಂದೇ.
ಮನೆಯಲ್ಲಿ ಅಜ್ಜಿ ಕೂಡ
ಕೈ ಚಾಚಿ ಮೊಳ ಹಾಕಿಯೇ ನಂಬಿದ್ದಂತೆ.
ಕಡ್ಡಿ ಏನಾಯಿತು ಅಂದೆ.
ಹಿತ್ತಲಲ್ಲಿ ಪಡವಲ ಬಳ್ಳಿ ಹತ್ತಿತು ಅಂದ.

ಕಾಂಪೌಂಡಿನ ಪಾಯದ ದಿನ ದಾರ ಕಟ್ಟಿದೆವು.
ನನ್ನ ಹಾಳೆಯಲ್ಲಿ ಒಂಬತ್ತು ಸಾವಿರದ ನೂರ ನಲವತ್ತು.
ಪತ್ರದ ಮೂವತ್ತಡಿ ನಿಜಕ್ಕೆ ನೂರ ನಲವತ್ನಾಲ್ಕು.
ಮಾಲೀಕರು ಭಾಗೀರಥಮ್ಮ, ಖಜಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು,
ಫೋನಲ್ಲೇ ಗುಣಿಸಿದರು:
"ನಲವತ್ತಡಿ ಉದ್ದಕ್ಕೂ ನಾಲ್ಕು ಎಂಎಂ.
ಅರ್ಧ ಚದರಡಿ. ಐದು ಸಾವಿರದ ಇನ್ನೂರು ರೂಪಾಯಿ.
ಎಲ್ಲಿ ಹೋಯ್ತಮ್ಮ?"

ದುಂಡಗೆ ಮಾಡಿದೆ ಅನ್ನಲು ಬಾಯಿ ಬರಲಿಲ್ಲ.
ಮೇಸ್ತ್ರಿ ಬಗ್ಗಿ, ದಾರವನ್ನು ಉಗುರಲ್ಲಿ ಮೀಟಿ,
"ಒಂದು ನೂಲು, ಅದರ ಮೇಲೆ ಒಂದು ಕೂದಲು.
ನಾಲ್ಕು ಎಂಎಂ ತಾನೇ,
ಗಾರೆ ನೋಡ್ಕೊಳ್ಳತ್ತೆ ಬಿಡಿ ಅಮ್ಮ."

ಕಂಬಿಯಲ್ಲದ್ದಕ್ಕೆ ಅವನು ಎಂಎಂ ಅಂದದ್ದು
ಅದೇ ಮೊದಲು. ಅವನಿಗೆ ಗೊತ್ತಾಗಲಿಲ್ಲ.
ನಾನೇನು ಕಡಿಮೆ, ಎತ್ತರ ಕೇಳಿದರೆ
ಇವತ್ತಿಗೂ ಐದಡಿ ಎರಡಿಂಚು.

ಆಫೀಸಿಗೆ ಬಂದು ನಕ್ಷೆ ತಿದ್ದಿದೆ,
ನಲವತ್ತನ್ನು ನಲವತ್ನಾಲ್ಕು ಮಾಡಿ.
ಗಾರೆಗೆ ತಿಳಿಸಲಿಲ್ಲ.